ವೈಂಡಿಂಗ್ ಮಾಮ ಬಿಸಿ ನೋಡಿದ ಕಾರ್ಡು

ಅವರ ಬಲಗೈಯ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಎಡಗೈ ಮೇಲೆ ಕರಡಿಯಂತೆ ಕೂದಲು; ಬಲಗೈ ಮಾತ್ರ ಹದ ಮಾಡಿದ ಚರ್ಮದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಬೋರ್‌ವೆಲ್ ಮೋಟಾರುಗಳ ಬಿಸಿಯನ್ನು ಮೂವತ್ತು ವರ್ಷ ಆ ಕೈಯಲ್ಲೇ ನೋಡಿದ್ದರು. ಮುಟ್ಟುವಾಗ ಅಂಗೈ ಎಂದೂ ತಾಗಿಸುತ್ತಿರಲಿಲ್ಲ. "ಅಂಗೈಲಿ ಮುಟ್ಟಿದ್ರೆ ಕರೆಂಟು ಹಿಡ್ಕೊಂಡ್‌ಬಿಡತ್ತೆ ಅಮ್ಮಣ್ಣಿ. ಹಿಂದಿನಿಂದ ಮುಟ್ಟಿದ್ರೆ ಒದ್ದು ಕಳಿಸತ್ತೆ. ಒದೆ ತಿನ್ನೋದೇ ವಾಸಿ" ಎನ್ನುತ್ತಿದ್ದರು.

ಮುಳಬಾಗಿಲಿನಲ್ಲಿ ನಮ್ಮಣ್ಣನ ಮನೆಯ ಪಕ್ಕದ್ದೇ ಅವರ ಮೋಟಾರ್ ವೈಂಡಿಂಗ್ ಶೆಡ್ಡು, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಜಾಗ. ಊರಿಗೆಲ್ಲ ಅವರು ವೈಂಡಿಂಗ್ ಮಾಮ. ಒಂದು ಸಲ ಆವನಿ ಕಡೆಯ ರೈತನೊಬ್ಬ ಸುಟ್ಟ ಮೋಟಾರು ತಂದು, "ನಾನೇನೂ ಮಾಡ್ಲಿಲ್ಲ ಮಾಮ, ತಾನಾಗೇ ಸುಟ್ಟೋಯ್ತು" ಅಂದ. ಮಾಮ ಸ್ಪ್ಯಾನರ್ ಮುಟ್ಟಲಿಲ್ಲ. ಬೀಡಿ ಹಚ್ಚಿಕೊಂಡು, "ಬೆಳಗ್ಗೆ ಎದ್ದಾಗಿಂದ ಏನೇನ್ ಮಾಡ್ದೆ ಹೇಳು" ಅಂದರು. ಅವನು ಹಸು ಕರೆದದ್ದು, ಡೈರಿಗೆ ಹಾಲು ಹಾಕಿದ್ದು, ಮೋಟಾರ್ ಆನ್ ಮಾಡಿದ್ದು ಎಲ್ಲ ಹೇಳಿದ.

"ಆಮೇಲೆ?"

"ಆಮೇಲೆ... ಭಾವಮೈದನ ಮಗೂಗೆ ನಾಮಕರಣ ಇತ್ತು ಮಾಮ."

"ನೀನಲ್ಲಿ ಹೋಳಿಗೆ ತಿಂತಿದ್ದೆ, ಇದಿಲ್ಲಿ ನೀರಿಲ್ದೆ ಗಾಳಿ ತಿಂತಿತ್ತು. ನಿಜಂ ಚೆಪ್ಪು ರಾ, ನಿಜ ಹೇಳೋ ಅಂದ್ರೆ ಇಷ್ಟೊತ್ತು ಬೇಕಾಯ್ತೇನ್ಲಾ!"

ಸಿಟ್ಟು ಬಂದಾಗ ಅವರ ಮಾತು ತೆಲುಗಿಗೆ ಹೊರಳುತ್ತಿತ್ತು. ಆದರೆ ಅವರ ರಿಪೇರಿ ಶುರುವಾಗುತ್ತಿದ್ದುದು ಯಾವಾಗಲೂ ಈ ಪ್ರಶ್ನೆಯಿಂದಲೇ. ಯಂತ್ರದ ಕತೆಗಿಂತ ಮೊದಲು ಅದರ ಮನೆಯವರ ಕತೆ.

ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಮನೆಗೆ ಬಂದಿದ್ದೆ. ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡಿ ಮದುವೆ ವಿಡಿಯೋ ಮಿಕ್ಸಿಂಗ್ ಕಲಿತು, ರಸ್ತೆ ಕಡೆಯ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡೆ. ಕ್ಯಾಸೆಟ್ಟಿನ ಮದುವೆಗಳು ಸಿಡಿಗೆ ಇಳಿಯುತ್ತಿದ್ದ ಕಾಲ. ಆದರೆ ವ್ಯಾಪಾರ ಕುಂಟುತ್ತಿತ್ತು. ಮೆಡಿಕಲ್ ಸ್ಟೋರಿನವರೊಬ್ಬರು ಆ ಕೋಣೆ ಕೇಳುತ್ತಿದ್ದರು. ಅಣ್ಣ ಕೆಟ್ಟವನಲ್ಲ. "ದೇವರಾಯಸಮುದ್ರದ ಈ ಮದುವೆ ಕೆಲಸ ಹೊತ್ತಿಗೆ ಸರಿಯಾಗಿ ಕೊಡು, ನೋಡೋಣ. ಆಗ್ಲಿಲ್ಲ ಅಂದ್ರೆ ಕೋಣೆ ಅವರಿಗೆ ಕೊಟ್ಬಿಡೋಣ ಕಣೇ" ಅಂದಿದ್ದ. ಆ ಮನೆಯವರಿಗೆ ಭಾನುವಾರದ ಬೀಗರೂಟದಲ್ಲಿ ಎಲ್ಲರಿಗೂ ಸಿಡಿ ಹಾಕಿ ತೋರಿಸಬೇಕಿತ್ತು.

ಆ ವಾರವೇ ಕಂಪ್ಯೂಟರ್ ಕೈಕೊಟ್ಟಿತು. ಕೆಲಸ ಶುರುಮಾಡಿದ ಹತ್ತು ನಿಮಿಷಕ್ಕೆ ಮದುಮಗಳ ಮುಖದ ಮೇಲೆ ಸಾಸಿವೆ ಚೆಲ್ಲಿದಂತೆ ಬಣ್ಣದ ಚುಕ್ಕೆಗಳು, ಆಮೇಲೆ ಅಡ್ಡಗೆರೆಗಳು, ಆಮೇಲೆ ಪರದೆ ಗಪ್‌ಚುಪ್. ಆರಲು ಬಿಟ್ಟು ಮತ್ತೆ ಹಾಕಿದರೆ ಮತ್ತೆ ಹತ್ತೇ ನಿಮಿಷ. ಕೋಲಾರದ ಕಂಪ್ಯೂಟರ್ ಅಂಗಡಿಯವನು ಫೋನಿನಲ್ಲೇ, "ಚಿತ್ರ ತೋರಿಸೋ ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಮೇಡಂ, ಹೊಸದು ಬರೋದು ಬುಧವಾರಕ್ಕೆ" ಅಂದುಬಿಟ್ಟ. ಅವತ್ತು ಶುಕ್ರವಾರ.

ಮಾಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಬಿಸಿಯಾಗತ್ತಾ?" ಅಂದರು.

"ಇದು ಕಂಪ್ಯೂಟರ್ ಮಾಮ, ಮೋಟಾರಲ್ಲ."

"ನಾನೂ ಇದರ ಹೊಟ್ಟೆ ನೋಡಿಲ್ಲ. ಆದ್ರೆ ಬಿಸಿಯಾಗೋದು ಯಾವುದಾದ್ರೂ ನನ್ನ ಗಿರಾಕೀನೇ. ಬೆಳಗ್ಗೆಯಿಂದ ಏನೇನ್ ಮಾಡ್ದೆ ಹೇಳಮ್ಮಣ್ಣಿ."

ಹೇಳಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ, ಹಾಲು ಕಾಯಿಸಿದೆ, ಅತ್ತಿಗೆಗೆ ಹುರುಳಿಕಾಯಿ ಹೆಚ್ಚಿಕೊಟ್ಟೆ, ತಲೆಗೆ ನೀರು ಹಾಕಿಕೊಂಡೆ, ಅಂಗಡಿ ಗುಡಿಸಿ ಒರೆಸಿದೆ, ಕಂಪ್ಯೂಟರ್ ಹಾಕಿದೆ.

"ಅಷ್ಟೇನಾ?"

"ಅಷ್ಟೇ."

ಅವರಿಗೆ ಸಮಾಧಾನವಾಗಲಿಲ್ಲ. ಸ್ಕ್ರೂಡ್ರೈವರ್ ತಂದು ನನ್ನ ಕೈಗೇ ಕೊಟ್ಟರು. "ನಿನ್ನ ಯಂತ್ರ. ಮೊದಲ್ನೇ ಸ್ಕ್ರೂ ನೀನೇ ಬಿಚ್ಬೇಕು." ಹೆದರುತ್ತಲೇ ಬಿಚ್ಚಿದೆ. ಪಕ್ಕದ ತಗಡು ತೆಗೆಸಿ, ಅತ್ತಿಗೆಯ ಟೇಬಲ್ ಫ್ಯಾನನ್ನು ಎದುರಿಗೆ ಇಡಿಸಿ, ಕಂಪ್ಯೂಟರ್ ಹಾಕಿಸಿದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಅರ್ಧ ಗಂಟೆಯಾಯಿತು. ಮದುಮಗಳ ಮುಖ ಸ್ವಚ್ಛವಾಗಿಯೇ ಇತ್ತು.

"ಗಾಳಿಗೆ ಚೇತರಿಸ್ಕೊಂತು ಅಂದ್ರೆ ಸತ್ತಿಲ್ಲ ಕಣಮ್ಮ. ಉಸಿರು ಕಟ್ಟಿದೆ, ಅಷ್ಟೆ."

ಪ್ಲಗ್ ಕೀಳಿಸಿ ಕಾರ್ಡನ್ನು ಹೊರಗೆ ತೆಗೆಸಿದರು. ಅದರ ಮೇಲಿನ ಪುಟ್ಟ ಫ್ಯಾನಿನ ರೆಕ್ಕೆಗಳ ತುಂಬ ಕಪ್ಪು ಅಂಟು. ಬೆರಳಲ್ಲಿ ತಿರುಗಿಸಿದರೂ ತಿರುಗದು. ಅಂಟನ್ನು ಚೂರು ಕೆರೆದು ಮೂಗಿಗೆ ಹಿಡಿದವರು ನನ್ನನ್ನೇ ನೋಡಿದರು. "ಅಮ್ಮಣ್ಣಿ, ಇದಕ್ಕೇನು ಬಾಣಂತಿ ಉಪಚಾರ ಮಾಡ್ತಿದ್ದೀಯಾ?"

ಆಗ ಹೊಳೆಯಿತು. ಪ್ರತಿ ಶುಕ್ರವಾರ ಕಂಪ್ಯೂಟರಿಗೆ ಕುಂಕುಮ ಇಟ್ಟು, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುತ್ತಿದ್ದೆ. ಅದು ಪೂಜೆ, ಕೆಲಸಗಳ ಪಟ್ಟಿಯಲ್ಲಿ ಸೇರಿಸಬೇಕೆಂದು ತೋಚಿರಲೇ ಇಲ್ಲ. ಪಕ್ಕದ ತೂತುಗಳ ಹತ್ತಿರ ಹಿಡಿದರೆ ಅದು ಹೊಗೆಯನ್ನು ಸುಯ್ಯೆಂದು ಒಳಗೆ ಎಳೆದುಕೊಳ್ಳುತ್ತಿತ್ತು. ಪೂಜೆ ಒಪ್ಪಿಕೊಂಡಿತೆಂದು ನಾನು ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದೆ.

ಇದನ್ನು ಹೇಳಿದಾಗ ಮಾಮ ಕೆಮ್ಮು ಬರುವವರೆಗೆ ನಕ್ಕರು. "ದೇವರಿಗೆ ತೋರ್ಸು ತಾಯಿ. ಇದಕ್ಕೆ ಕುಂಕುಮ ಸಾಕು, ಮೂಗಿಗೆ ಹಿಡೀಬೇಡ."

ಅಷ್ಟರಲ್ಲಿ ಅಣ್ಣ ಬಂದ. ನೆಲದ ಮೇಲೆ ಬಿಚ್ಚಿಟ್ಟದ್ದೆಲ್ಲ ನೋಡಿ, "ಮಾಮ, ಇರೋದನ್ನೂ ಕೆಡಿಸ್ಬೇಡಿ" ಅಂದ.

"ಕೆಟ್ಟಿರೋದನ್ನ ಇನ್ನೆಷ್ಟಪ್ಪ ಕೆಡ್ಸೋದು? ಬಾ, ಟಾರ್ಚ್ ಹಿಡ್ಕೋ."

ಅಣ್ಣ ಟಾರ್ಚ್ ಹಿಡಿದು ಕುಕ್ಕರುಗಾಲಲ್ಲಿ ಕೂತ. ಮಾಮ ಹೇಳಿದಂತೆ ನಾನು ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ರೆಕ್ಕೆಗಳನ್ನು ಉಜ್ಜಿದೆ. ಫ್ಯಾನಿನ ನಡುವಿನ ಚೀಟಿ ಎಬ್ಬಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟೆ. ಕಾರ್ಡಿನ ಚಿಪ್‌ಗೂ ಅದರ ಮೇಲಿನ ಅಲ್ಯುಮಿನಿಯಂ ತುಂಡಿಗೂ ನಡುವೆ ಬಿಸಿ ದಾಟಲೆಂದು ಹಚ್ಚಿದ್ದ ಪೇಸ್ಟು ಒಣಗಿ ಗೋಡೆ ಸುಣ್ಣದಂತೆ ಉದುರುತ್ತಿತ್ತು. ಮಾಮ ಟಿವಿ ರಿಪೇರಿಯವರಲ್ಲಿಗೆ ತಾವೇ ಹೋಗಿ ಅಂಥದೇ ಬಿಳಿ ಪೇಸ್ಟ್ ತಂದರು.

ಜೋಡಿಸಿ ಸ್ವಿಚ್ ಹಾಕಿದರೆ ಪರದೆ ಕಪ್ಪು. ನನಗೆ ಅಳುವೇ ಬಂತು. ಅಣ್ಣ ಟಾರ್ಚ್ ಆರಿಸಿದ.

"ಯಾಕಪ್ಪಾ ಆರಿಸ್ದೆ? ಹಚ್ಚು. ಪ್ಲಗ್ ಕಿತ್ತು ಇನ್ನೊಂದ್ಸಲ ನೋಡಮ್ಮ, ಕಾರ್ಡು ಪೂರ್ತಿ ಕೂತಿದೆಯಾ?"

ಕೂತಿರಲಿಲ್ಲ. ಒತ್ತಿದಾಗ ಟಕ್ಕೆಂದಿತು. ಈ ಸಲ ಪರದೆ ಬೆಳಗಿತು, ಪುಟ್ಟ ಫ್ಯಾನು ಜೀರುಂಡೆಯಂತೆ ಗುಂಯ್ಗುಟ್ಟಿತು. ಮಾಮ ಶೆಡ್ಡಿಗೆ ಹೋಗಲಿಲ್ಲ. ಒಂದು ಗಂಟೆ ಅಲ್ಲೇ ಕೂತು, ಆಗಾಗ ಪೆಟ್ಟಿಗೆಯ ಹಿಂದೆ ಕೈ ಹಿಡಿದು ಗಾಳಿಯ ಬಿಸಿ ನೋಡುತ್ತಿದ್ದರು.

ಅಂದಿನಿಂದ ನಾನು ಯಂತ್ರ ಬಿಚ್ಚಲು ಹೆದರಲಿಲ್ಲ. ಮುಂದೆ ಶ್ರೀನಿವಾಸಪುರ, ಮಾಲೂರುಗಳ ಸ್ಟುಡಿಯೋದವರೂ ತಮ್ಮ ಕಂಪ್ಯೂಟರು ನನ್ನಲ್ಲಿಗೆ ಹೊತ್ತು ತಂದರು. ಅವರಿಗೂ ನಾನು ಮೊದಲು ಬೆಳಗ್ಗೆಯಿಂದ ಮಾಡಿದ ಕೆಲಸವನ್ನೇ ಕೇಳುತ್ತೇನೆ. ಪೂಜೆಯನ್ನೂ ಸೇರಿಸಿ ಹೇಳಿ ಎನ್ನುತ್ತೇನೆ. ಮಾಮ ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡು ವರ್ಷಗಳಾದವು. ಆ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಡದೆ ಅವರೇ ಬಿಚ್ಚಿದ್ದರೆ ಕಂಪ್ಯೂಟರೇನೋ ಸರಿಹೋಗುತ್ತಿತ್ತು. ನಾನು ಮಾತ್ರ ಹಾಗೇ ಉಳಿಯುತ್ತಿದ್ದೆ.

ದೇವರಾಯಸಮುದ್ರದವರು ಆ ಶುಕ್ರವಾರದ ಮಾರನೆಯ ಸಂಜೆ ಬಂದು ಸಿಡಿ ತೆಗೆದುಕೊಂಡು ಹೋದರು. ಅವತ್ತು ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಉಪ್ಪಿನಕಾಯಿ. ಅಣ್ಣ ಮುದ್ದೆ ಮುರಿಯುತ್ತ, ನನ್ನ ಕಡೆ ನೋಡದೆ, "ಮೆಡಿಕಲ್‌ನೋರಿಗೆ ಬೇರೆ ಜಾಗ ನೋಡ್ಕೊಳ್ಳಿ ಅಂದೆ" ಅಂದ. ಅತ್ತಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಕೈ ತೊಳೆದು ಚಾಪೆ ಹಾಸಿದ್ದಷ್ಟೇ ನೆನಪು. ಅವತ್ತು ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನು.