ಗದ್ದೆಪ್ಪ ಡಾಕ್ಟರ್ ಬೋರ್ಡು ಇಳಿಸಿದ್ದು

ಗದ್ದೆಪ್ಪ ಡಾಕ್ಟರ್ ದೇವದುರ್ಗ ಬಿಟ್ಟು ರಾಯಚೂರಿಗೆ ಯಾಕೆ ಹೋದರು ಎಂದು ಕೇಳಿದರೆ ಊರವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೆಂಡತಿಗೆ ಇಲ್ಲಿಯ ನೀರು ಒಗ್ಗಲಿಲ್ಲವಂತೆ. ಸಿಟಿಯಲ್ಲಿ ಗಳಿಕೆ ಹೆಚ್ಚಂತೆ. ಆಡುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಗಳಿಕೆಯ ಮಾತು ಬಿಡಿ, ರಾಯಚೂರಿನಲ್ಲಿ ಅವರು ಖಾಸಗಿ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ಇಸಿಜಿ ಕಾಗದ ಓದುತ್ತಾರೆ. ರೋಗಿಯ ಮುಖವನ್ನೇ ನೋಡುವುದಿಲ್ಲ. ನಾನು ಅಲ್ಲಾಉದ್ದೀನ್, ಹದಿಮೂರು ವರ್ಷ ಅವರ ಕಂಪೌಂಡರ್ ಆಗಿದ್ದವನು. ಅವರ ಮೇಜಿಗೂ ನಾನು ಗುಳಿಗೆ ಕಟ್ಟುವ ಜಾಗಕ್ಕೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಪರದೆ ಕಣ್ಣಿಗೆ ಅಡ್ಡ, ಕಿವಿಗೆ ಅಲ್ಲ. ನಡೆದದ್ದೇನೆಂದು ನಾನು ಹೇಳುತ್ತೇನೆ.

ಅವರು ಸಿರವಾರದ ಕಡೆಯ ಕುರಿ ಕಾಯುವ ಮನೆಯವರು. ಬಳ್ಳಾರಿಯಲ್ಲಿ ಓದಿ, ಎಂ.ಡಿ. ಮಾಡಿಕೊಂಡು, 1973ರಲ್ಲಿ ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಎರಡು ಖೋಲಿಯ ದವಾಖಾನೆ ತೆರೆದರು. ಜನಕ್ಕೆ ಈ ಎಂ.ಡಿ. ಏನೆಂದೇ ತಿಳಿಯಲಿಲ್ಲ. ಕೊಯ್ಯುವುದಿಲ್ಲ, ಹೆರಿಗೆ ಮಾಡಿಸುವುದಿಲ್ಲ, ಹಲ್ಲನ್ನೂ ಕೀಳುವುದಿಲ್ಲ. ಮತ್ತೆ ಅಷ್ಟು ವರ್ಷ ಓದಿದ್ದೇನು? ಅವರು ಮಾಡುತ್ತಿದ್ದದ್ದು ಕೇಳುವುದು. ಯಾವಾಗಿನಿಂದ, ಎಷ್ಟು ಹೊತ್ತು, ಉಂಡ ಮೇಲೋ ಉಣ್ಣುವ ಮೊದಲೋ, ಮಲಗಿದರೆ ಹೆಚ್ಚೋ ಕೂತರೆ ಹೆಚ್ಚೋ. ಒಬ್ಬ ರೋಗಿಗೆ ಅರ್ಧ ತಾಸು. ಹೊರಗೆ ಕೂತವರು ನನ್ನ ಮೇಲೆ ಹರಿಹಾಯುತ್ತಿದ್ದರು.

ಗಡಿಗೆಪ್ಪ ಎಂಬ ಮುದುಕ ಒಮ್ಮೆ ರೇಗಿದ. "ಯಪ್ಪಾ, ಎಲ್ಲಾ ನಾನಽ ಹೇಳೂದಾದ್ರ ನೀ ಯಾಕ? ಒಂದು ಸೂಜಿ ಹಾಕಿ ಕಳಸು."

"ಸೂಜಿ ಬ್ಯಾಡ. ಉಚ್ಚಿ ಹೊಯ್ದಲ್ಲಿ ಇರಿವಿ ಮುತ್ತತಾವೇನು, ಅದನ್ನ ಹೇಳು," ಎಂದರು ಡಾಕ್ಟರ್.

ಇರುವೆ ಮುತ್ತುತ್ತಿದ್ದವು. ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಮನೆಯ ಹಿತ್ತಲಲ್ಲಿ ಇರುವೆ ಮುತ್ತಿದ್ದನ್ನೂ ಕೂತಲ್ಲಿಂದಲೇ ಹೇಳುವ ಡಾಕ್ಟರ್ ಎಂದು ಗಡಿಗೆಪ್ಪನೇ ಊರೆಲ್ಲ ಸಾರಿಕೊಂಡು ಬಂದ. ಅಲ್ಲಿಂದ ಅವರ ಮಾತಿಗೆ ಬೆಲೆ ಬಂತು. ಬೇಡದ ಬೆಲೆಯೂ ಬಂತು. ಹೆಣ್ಣು ನೋಡಲು ಬಂದವರು ಹೆಣ್ಣಿನ ಮನೆಯಿಂದ ನೇರ ನಮ್ಮಲ್ಲಿಗೆ ಬಂದು ಬೆಂಚಿನ ಮೇಲೆ ಕೂರತೊಡಗಿದರು. ಹುಡುಗಿಗೆ ಏನಾದರೂ ಇದೆಯೇ, ಇದ್ದರೆ ಗದ್ದೆಪ್ಪ ಡಾಕ್ಟರಿಗೆ ಗೊತ್ತಿರುತ್ತದೆ. ರೋಗಿಯ ಮಾತು ಹೊರಗೆ ಆಡಬಾರದು ಎಂದು ಡಾಕ್ಟರ್ ಗೊಣಗುತ್ತಿದ್ದರು. ಆದರೆ ಬಾಯಿ ಮುಚ್ಚಿಕೊಂಡರೆ ಅದನ್ನೂ ಒಂದು ಉತ್ತರವೆಂದು ತಿಳಿದು ಎದ್ದು ಹೋಗುವ ಜನ. ಏನು ಮಾಡುವುದು?

ಶೇಖಮ್ಮ ಎಂಬ ಹುಡುಗಿಗೆ ಕ್ಷಯ ಬಂದಿತ್ತು. ಒಂದೂವರೆ ವರ್ಷ ಮದ್ದು ತಿಂದು ಪೂರ್ತಿ ವಾಸಿಯಾಗಿದ್ದಳು. ಎಕ್ಸರೇ ಹಿಡಿದು ನೋಡಿ ಡಾಕ್ಟರ್ ತಾವೇ ಪೇಡೆ ತರಿಸಿ ಹಂಚಿದ್ದರು. 1977ರಲ್ಲಿ ಅವಳನ್ನು ನೋಡಲು ಬಂದ ಬೀಗರು ಬೆಂಚಿನ ಮೇಲೆ ಕೂತು ಕೇಳಿದಾಗ ಅವರು ಇದ್ದದ್ದು ಇದ್ದ ಹಾಗೆ ಹೇಳಿದರು. "ಕ್ಷಯ ಇತ್ತು. ಈಗ ಇಲ್ಲ. ನಿಮ್ಮಷ್ಟಽ ಗಟ್ಟಿ ಅದಾಳ." ಬೀಗರು ಮೊದಲ ಮಾತು ಕೇಳಿಯೇ ಚಪ್ಪಲಿ ಮೆಟ್ಟಿದ್ದರು. ಸಂಬಂಧ ಮುರಿಯಿತು, ಸುದ್ದಿ ಊರೂರಿಗೆ ಹಬ್ಬಿತು. ತಿಂಗಳೊಳಗೆ ಶೇಖಮ್ಮ ಹತ್ತಿಗೆ ಹೊಡೆಯುವ ಎಂಡ್ರಿನ್ ಕುಡಿದಳು. ಅವಳ ಹೊಟ್ಟೆ ತೊಳೆದವರು ನಾವಿಬ್ಬರೇ. ಉಳಿಯಲಿಲ್ಲ. ಡಾಕ್ಟರ್ ಎರಡು ದಿನ ಅನ್ನ ಮುಟ್ಟಲಿಲ್ಲ. ನಿಜ ಹೇಳಿದ್ದು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ, ಆದರೆ ಅವರಿಗೆ ಅದನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ.

ಇನ್ನು ಜಂಬಮ್ಮನ ವಿಷಯ.

ಅವಳು ಯಮನಮ್ಮ ಎಂಬ ವಿಧವೆಯ ಒಬ್ಬಳೇ ಮಗಳು. ಹದಿನಾಲ್ಕು ವರ್ಷದವಳಿದ್ದಾಗ ಮೊಣಕಾಲು ಬಾತು, ಜ್ವರ ಬಂದು, ತಾಯಿ ಎತ್ತಿಕೊಂಡು ಬಂದಿದ್ದಳು. ಡಾಕ್ಟರ್ ಮೊಣಕಾಲಿನ ಕಡೆ ನೋಡಿದ್ದು ಒಂದು ಗಳಿಗೆ, ಎದೆಯ ಮೇಲೆ ಸ್ಟೆಥಾಸ್ಕೋಪ್ ಇಟ್ಟು ಕೂತದ್ದು ಬಹಳ ಹೊತ್ತು. ಎಡಕ್ಕೆ ಹೊರಳಿಸಿ ಕೇಳಿದರು, ಎಬ್ಬಿಸಿ ಕೇಳಿದರು, ಮತ್ತೆ ಹೊರಳಿಸಿದರು. ಆ ಜ್ವರ ಕೀಲುಗಳನ್ನು ಬಿಟ್ಟು ಹೋಗುತ್ತದೆ, ಹೃದಯವನ್ನು ಮಾತ್ರ ಬಿಡುವುದಿಲ್ಲ ಎಂದು ನನಗೆ ಆಮೇಲೆ ಹೇಳಿದರು. ಅವತ್ತಿನಿಂದ ಇಪ್ಪತ್ತೊಂದು ದಿನಕ್ಕೊಮ್ಮೆ ಅವಳಿಗೆ ಪೆನಿಸಿಲಿನ್ ಸೂಜಿ. ಸುಣ್ಣದ ನೀರಿನಂಥ ಗಟ್ಟಿ ಮದ್ದು, ಚುಚ್ಚಿದರೆ ಗಂಡಸರೇ ಅಳಬೇಕು. ಚುಚ್ಚುವವನು ನಾನು.

"ಕಾಕಾ, ನಿನ್ನ ಕೈಗೆ ಹುಳ ಬೀಳಲಿ," ಎಂದು ಬೈಯುತ್ತಿದ್ದಳು. ಮರುಗಳಿಗೆಯೇ ನಗುತ್ತಾ ಹುಣಸೆಕಾಯಿ ಕೊಟ್ಟು ಹೋಗುತ್ತಿದ್ದಳು. ನನಗೆ ಹೆಣ್ಣು ಮಕ್ಕಳಿಲ್ಲ. ಅವಳು ಬರುವ ದಿನ ಹೊಸ ಸೂಜಿ ಕುದಿಸಿ ಇಡುತ್ತಿದ್ದೆ.

ಅವಳಿಗೆ ಹದಿನೆಂಟಾದಾಗ ಮಾನ್ವಿ ಸೀಮೆಯಿಂದ ಸೋದರಮಾವ ಮುದುಕಪ್ಪ ತನ್ನ ಮಗ ಕನಕರಾಯನಿಗೆ ಕೇಳಿದ. ಕಾಲುವೆ ನೀರಿನ ಹೊಲ, ದನಕರು ಇದ್ದ ಮನೆ. ಡಾಕ್ಟರ್ ಯಮನಮ್ಮನನ್ನು ಕರೆಸಿ ಕೂರಿಸಿದರು. "ಯವ್ವಾ, ಆಕಿ ಎದಿಯೊಳಗ ರಕ್ತ ದಾಟೂ ಬಾಗಿಲ ಸಣ್ಣದಾಗ್ಯಾದ. ಒಬ್ಬಾಕಿಗೇ ಸಾಲವಲ್ದು, ಬಸುರಾದ್ರ ಇಬ್ಬರಿಗೆ ಎಲ್ಲಿ ಸಾಲತದ? ವೇಲೂರಿನ ದೊಡ್ಡ ದವಾಖಾನಿಗೆ ಚೀಟಿ ಕೊಡ್ತೀನಿ. ಆಪರೇಷನ್ ಮೊದಲು, ಲಗ್ನ ಆಮ್ಯಾಲ."

"ಎದಿ ಕೊಯ್ಸಿದ ಹುಡುಗೀನ್ನ ಯಾರು ಮಾಡ್ಕೊಂತಾರ ಸಾಹೇಬ್ರ?" ಎಂದು ಯಮನಮ್ಮ ಅವರ ಕಾಲು ಹಿಡಿದಳು. "ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡಂತಾರ. ನಾ ನಿಮಗ ಸುಳ್ಳು ಹೇಳಂತ ಅನ್ನೂದಿಲ್ಲ, ಸುಮ್ನಿರ್ರಿ ಸಾಕು. ನಮ್ಮಣ್ಣ ಬಂದು ಕೇಳಿದ್ರ ನನ್ನ ಮಗಳನ್ನ ಶೇಖಮ್ಮನ ಗತಿ ಮಾಡಬ್ಯಾಡ್ರಿ."

ಆ ಹೆಸರು ಎತ್ತಬಾರದಿತ್ತು. ವೇಲೂರಿನ ಚೀಟಿಯನ್ನು ಡಾಕ್ಟರ್ ಬರೆಯಲೇ ಇಲ್ಲ.

ನಾಲ್ಕು ದಿನ ಬಿಟ್ಟು ಮುದುಕಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ, ಕಟ್ಟುಮಸ್ತಾದ ಮನುಷ್ಯ. ಬೆಂಚಿನ ತುದಿಗೆ ಕೂತು ಹೇಳಿದ, "ಜಂಬಮ್ಮಗ ಗುಡ್ಡಾ ಹತ್ತೂಮುಂದ ದಮ್ಮು ಬರ್ತದಂತ. ಹುಡುಗಿ ಹ್ಯಾಂಗ ಅದಾಳ, ಇದ್ದದ್ದು ಇದ್ದಂಗ ಹೇಳ್ರಿ ಸಾಹೇಬ್ರ."

ನಾನು ಗುಳಿಗೆ ಎಣಿಸುವುದು ಬಿಟ್ಟು ಕಿವಿಗೊಟ್ಟೆ.

"ರಕ್ತ ಕಡಿಮಿ ಅದ," ಎಂದರು ಡಾಕ್ಟರ್. "ಗುಳಗಿ ಕೊಟ್ಟೀನಿ. ಸರಿ ಹೋಗ್ತದ."

"ನಿಮ್ಮ ಬಾಯಿಂದ ಬಂತಂದ್ರ ಮುಗೀತು," ಎಂದು ಮುದುಕಪ್ಪ ಕೈ ಮುಗಿದು ಎದ್ದ.

ಲಗ್ನಕ್ಕೆ ನನ್ನನ್ನೂ ಕರೆದಿದ್ದರು. ನಾನು ಹೋಗಿ ಉಂಡು ಬಂದೆ. ಅದಕ್ಕೆ ನನಗೆ ನನ್ನ ಮೇಲೆಯೇ ಸಿಟ್ಟಿದೆ. ಡಾಕ್ಟರ್ ಹೋಗಲಿಲ್ಲ.

ತಾಯಿಗೆ ಆರಾಮಿಲ್ಲ ಎಂದು ನೆಪ ಹೇಳಿ ಇಪ್ಪತ್ತೊಂದು ದಿನಕ್ಕೊಮ್ಮೆ ಅವಳನ್ನು ಕರೆಸಬೇಕು, ಮಕ್ಕಳ ಮಾತು ಸದ್ಯ ಬೇಡ ಎಂದು ತಾಯಿ ಅವಳಿಗೆ ತಿಳಿಸಬೇಕು ಎಂದು ಡಾಕ್ಟರ್ ಗೊತ್ತು ಮಾಡಿದ್ದರು. ಎರಡು ಸಲ ಬಂದಳು. ಹೊಸ ಸೊಸೆ ಎಷ್ಟು ಸಲ ತವರಿಗೆ ಓಡಿ ಬರಲಾದೀತು? ಆಮೇಲೆ ನಿಂತಿತು. ಡಾಕ್ಟರ್ ದಿನಾ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದರು. ಕಾಗದ ಬರೆಯುವಂತಿಲ್ಲ, ಬರೆದರೆ ಓದುವವರು ಗಂಡನ ಮನೆಯವರು. ಹೋಗುವಂತಿಲ್ಲ, ಹೋದರೆ ಯಾಕೆ ಬಂದಿರಿ ಎಂದು ಕೇಳುತ್ತಾರೆ. ಆಡಿದ ಮಾತು ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಬಸುರಿ ಎಂಬ ಸುದ್ದಿ ಬಂದ ದಿನ ನಾನು ತಡೆಯಲಾರದೆ ಪರದೆ ಸರಿಸಿ ಒಳಗೆ ಹೋದೆ. "ಸಾಹೇಬ್ರ, ಹೋಗಿ ಹೇಳಿ ಬರ್ರಿ. ಬೈದ್ರ ಬೈಲಿ."

"ಬೈದ್ರ ಅಲ್ಲೋ ಅಲ್ಲಾಉದ್ದೀನ್, ಆಕೀನ್ನ ತವರಿಗೆ ಹೊಳ್ಳಿ ಕಳಿಸಿಬಿಟ್ರ? ಬಸುರಿ ಹೆಂಗಸು. ಮತ್ತೊಂದು ಬಾಟ್ಲಿ ಎಂಡ್ರಿನ್ ನಾ ನೋಡಲಾರೆ." ಆಮೇಲೆ ತಾವೇ ಸಮಾಧಾನ ಹೇಳಿಕೊಂಡರು. "ಚೊಚ್ಚಲ ಬಾಣಂತನ ತವರಿನ್ಯಾಗಽ ಅಲ್ಲೇನು? ಏಳರಾಗ ಕುಬಸ ಮಾಡಿ ಕರ್ಕೊಂಡು ಬರ್ತಾರ. ಬಂದ ಕೂಡಲೇ ರಾಯಚೂರಿಗೆ ಒಯ್ದು ಹೆರಿಗಿ ಆಗೂತನಕ ಹಾಸಿಗಿ ಮ್ಯಾಲಽ ಇಡೂಣು."

ಎಂ.ಡಿ. ಓದಿದ ಮನುಷ್ಯ ನಮ್ಮ ಪದ್ಧತಿಯೊಂದನ್ನು ನಂಬಿ ಏಳನೇ ತಿಂಗಳವರೆಗೆ ಕಾದ. ಪದ್ಧತಿಯೇನೋ ತಪ್ಪಲಿಲ್ಲ. ಏಳನೇ ತಿಂಗಳಲ್ಲೇ ಕರೆತಂದರು. ಆದರೆ ಅದು ಆಗಸ್ಟ್, ಭತ್ತದ ನಾಟಿಯ ಕಾಲ. ಅದಕ್ಕೂ ಮೊದಲು ಇಪ್ಪತ್ತು ದಿನ ಜಂಬಮ್ಮ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚಿದ್ದಳು.

ಮಧ್ಯಾಹ್ನದ ಬಸ್ಸಿನಿಂದ ಅವಳನ್ನು ಕನಕರಾಯ ತೋಳಲ್ಲಿ ಎತ್ತಿಕೊಂಡೇ ಇಳಿಸಿದ. ಕೈಯಲ್ಲಿ ಸೀಮಂತದ ಹಸಿರು ಬಳೆ, ಮೈಮೇಲೆ ಕುಬಸದ ಹೊಸ ಸೀರೆ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಬಾಯಲ್ಲಿ ಕೆಂಪು ನೊರೆ. ಡಾಕ್ಟರ್ ಸ್ಟೆಥಾಸ್ಕೋಪ್ ಇಟ್ಟು ತಕ್ಷಣ ತೆಗೆದರು. ಅಷ್ಟು ಬೇಗ ಅವರು ಅದನ್ನು ತೆಗೆದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಎದೆಯಲ್ಲಿ ತುಂಬಿದ ನೀರು ಇಳಿಸುವ ಸೂಜಿ ನಾನೇ ಹಾಕಿದೆ. ಈ ಸಲ ಅವಳು ನನ್ನನ್ನು ಬೈಯಲಿಲ್ಲ. ರಾಯಚೂರಿಗೆ ಹೊರಟ ಬಾಡಿಗೆ ಜೀಪಿನಲ್ಲಿ ಡಾಕ್ಟರ್ ಅವಳನ್ನು ತಮ್ಮ ಎದೆಗೆ ಒರಗಿಸಿಕೊಂಡು ಕೂತರು. ಗಬ್ಬೂರು ದಾಟುವ ಮೊದಲೇ ಅವಳು ಹೋದಳು, ಹೊಟ್ಟೆಯಲ್ಲಿದ್ದ ಕೂಸೂ ಹೋಯಿತು. ಡಾಕ್ಟರ್ ನಿಲ್ಲಿಸು ಎನ್ನಲಿಲ್ಲ, ಡ್ರೈವರ್ ತಾನೇ ತಿಳಿದು ನಿಲ್ಲಿಸಿದ. ರಸ್ತೆಯ ಬದಿಗೆ ಕನಕರಾಯ ತಲೆ ಬಡಿದುಕೊಂಡು ಅಳುತ್ತಿದ್ದ. ನಾನೂ ಅತ್ತೆ. ಯಾಕೆ ಸುಳ್ಳು ಹೇಳಲಿ?

ಮಣ್ಣು ಮಾಡಿದ ಮೇಲೆ ಮುದುಕಪ್ಪ ಬಂದು ಡಾಕ್ಟರಿಗೆ ಕೈ ಮುಗಿದ. "ಕಡೀತನಕ ಕೈ ಬಿಡಲಿಲ್ಲ ನೀವು," ಎಂದ. ಯಮನಮ್ಮ ದೂರದಲ್ಲಿ ಗೋಡೆಗೆ ಆತು ಕೂತಿದ್ದಳು. ಡಾಕ್ಟರನ್ನು ನೋಡಿ ಸೆರಗು ಮುಖಕ್ಕೆ ಎಳೆದುಕೊಂಡಳು.

ಅಲ್ಲಿಂದ ಎರಡು ವರ್ಷ ಡಾಕ್ಟರ್ ಕೆಲಸ ಮಾಡಿದರು, ಮಾಡಿದರು ಎಂದಷ್ಟೇ. ಕೇಳುವುದು ಕಡಿಮೆಯಾಯಿತು. ಎರಡು ಮಾತು, ಒಂದು ಚೀಟಿ. ಸೂಜಿ ಕೇಳಿದವರಿಗೆ ಸೂಜಿ. ಜನಕ್ಕೆ ಖುಷಿಯೋ ಖುಷಿ, ಈಗ ನೋಡಿ ಡಾಕ್ಟರ್ ಹಾದಿಗೆ ಬಂದರು ಎಂದರು. ನನಗೆ ಮಾತ್ರ ಅವರನ್ನು ನೋಡಲು ಆಗುತ್ತಿರಲಿಲ್ಲ.

1986ರ ಸಂಕ್ರಾಂತಿ ಮುಗಿದ ವಾರ ಬೆಳಿಗ್ಗೆ ಮುದುಕಪ್ಪ ಮತ್ತೆ ಬಂದ. ಕನಕರಾಯನಿಗೆ ಎರಡನೇ ಸಂಬಂಧ ನೋಡಿದ್ದರು, ದೇವದುರ್ಗದ ಬಸ್ಸಮ್ಮನ ಮಗಳು. "ಆ ಹುಡುಗೀನ್ನೂ ನೀವಽ ನೋಡೀರಂತ. ನಮಗ ನಿಮ್ಮನ್ನ ಬಿಟ್ರ ಯಾರ ಮ್ಯಾಲೂ ಭರೋಸಾ ಇಲ್ರಿ. ಹ್ಯಾಂಗ ಅದಾಳ?"

ಆ ಹುಡುಗಿಗೆ ಏನೂ ಇರಲಿಲ್ಲ, ಬರೀ ನೆಗಡಿಗೆ ಬಂದಿದ್ದವಳು. ಚೆನ್ನಾಗಿದ್ದಾಳೆ ಎಂದು ಒಂದು ಮಾತು ಹೇಳಿದ್ದರೆ ಆಗಿತ್ತು. ಡಾಕ್ಟರಿಂದ ಆಗಲಿಲ್ಲ.

"ಮುದುಕಪ್ಪ, ಹಿಂದ ನೀವು ಕೇಳಿದಾಗ ನಾ ಸುಳ್ಳು ಹೇಳಿದ್ದೆ. ಜಂಬಮ್ಮಗ ಎದಿ ಬ್ಯಾನಿ ಇತ್ತು. ಬಸುರಾದ್ರ ಉಳಿಯೂದು ಕಷ್ಟ ಅಂತ ನನಗ ಗೊತ್ತಿತ್ತು."

ಬಡಿಗೆ ಎತ್ತುತ್ತಾನೆ ಎಂದು ನಾನು ಪರದೆಯ ಹತ್ತಿರ ಬಂದು ನಿಂತೆ. ಅವನು ಎತ್ತಲಿಲ್ಲ.

"ನನ್ನ ತಂಗಿಗೂ ಗೊತ್ತಿತ್ತೇನ್ರೀ?"

"ಇತ್ತು. ಹೇಳಿದ್ರ ನೀವು ಸಂಬಂಧ ಬಿಡ್ತೀರಿ ಅಂತ ಅಂಜಿದ್ಲು. ನಾನೂ ಅಂಜಿದೆ."

"ಬಿಡೂದ?" ಮುದುಕಪ್ಪನ ದನಿ ಏರಲಿಲ್ಲ. "ಹುಟ್ಟಿದಾಗ ನನ್ನ ಸೊಸಿ ಅಂತ ತೊಟ್ಟಿಲದಾಗ ಹಾಕಿದಾವ ನಾನು. ರಕ್ತ ಹಂಚಿಕೊಂಡ ಹುಡುಗೀನ್ನ ಯಾರರ ಬಿಡ್ತಾರೇನು?"

"ಮತ್ತ ಅವತ್ತು ಯಾಕ ಕೇಳಾಕ ಬಂದಿದ್ರಿ?"

"ಯಾವ ಕೆಲಸಕ್ಕ ಹಚ್ಚಬೇಕು, ಯಾವುದಕ್ಕ ಹಚ್ಚಬಾರದು, ಅದನ್ನ ತಿಳ್ಕೊಳ್ಳಾಕ ಬಂದಿದ್ದೆ ಸಾಹೇಬ್ರ. ರಕ್ತ ಕಡಿಮಿ, ಸರಿ ಹೋಗ್ತದ ಅಂದ್ರಿ. ಅದಕ್ಕ ಸಸಿ ಹಚ್ಚಾಕ ಕಳಿಸಿದೆ."

ಮುದುಕಪ್ಪ ಎದ್ದು ಹೋದ. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ಒಳಗೆ ಯಾರನ್ನೂ ಕಳಿಸಬೇಡ ಎಂದು ಡಾಕ್ಟರ್ ನನಗೆ ಹೇಳಿದರು. ಸಂಜೆಗೆ ಬೋರ್ಡು ತಾವೇ ಇಳಿಸಿದರು.