ಸೀಗೆ ಮೊದಲು, ಹರಳೆಣ್ಣೆ ಆಮೇಲೆ

ಬೆಳಗ್ಗೆ ತಲೆ ತೊಳೆದುಕೊಂಡು ಬಂದು ಹರಳೆಣ್ಣೆ ಸೀಸೆಯ ಮುಚ್ಚಳ ತೆಗೆದೆ. ಅಪ್ಪನ ಅಂಗೈ ವಾಸನೆ ಬಂತು.

ಅಪ್ಪ ಹ್ಯಾಂಡ್‌ಪೋಸ್ಟ್ ಊರಿನ ಮೇಲೆ ಹಾದು ಮೈಸೂರಿಗೆ ಹೋಗುತ್ತಿದ್ದ ಹಳೇ ಬಸ್ಸಿನ ಡ್ರೈವರು. ರೇಡಿಯೇಟರಿನಿಂದ ಇಂಜಿನ್ನಿಗೆ ನೀರು ಹಾಯಿಸುವ ರಬ್ಬರ್ ಪೈಪು ಒಡೆದರೆ ಬೇರೆ ಸಿಗುತ್ತಿರಲಿಲ್ಲ. ಅದಕ್ಕೇ ಬಸ್ಸಿಗೆ ರಜೆಯಿದ್ದ ದಿನ ಅದನ್ನು ಬಿಚ್ಚಿ ಮನೆಗೆ ತರುತ್ತಿದ್ದ. ಸೀಗೆಪುಡಿಯಲ್ಲಿ ಜಿಡ್ಡು ತೊಳೆದು, ನೆರಳಲ್ಲಿ ಒಣಗಿಸಿ, ಬಿರುಕು ಬಿಡದಿರಲೆಂದು ಹರಳೆಣ್ಣೆ ಸವರುತ್ತಿದ್ದ.

"ಮಗೀನ್ ತಲೆಗಿಲ್ದಿರೋ ಎಣ್ಣೇನೆಲ್ಲ ನಿಮ್ ಬಸ್ಸಿಗೆ ಕುಡಿಸ್ತೀರಲ್ಲ" ಎಂದು ಅವ್ವ ಗೊಣಗುತ್ತಿದ್ದಳು.

ಅವ್ವ ಎರಡನೇ ಹೆರಿಗೆಯಲ್ಲಿ ತೀರಿಕೊಂಡಳು. ಬಾಚುವವರಿಲ್ಲದೆ ನನ್ನ ಕೂದಲು ಗಂಟುಗಟ್ಟಿತು. ಒಂದು ದಿನ ಅಪ್ಪ ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿದ. ಅವನಿಗೆ ಗೊತ್ತಿದ್ದ ಕ್ರಮ ಒಂದೇ. ಸೀಗೆ ಹಾಕಿ ತೊಳೆದ, ನೆರಳಲ್ಲಿ ಒಣಗಿಸಿದ, ಆಮೇಲೆ ಬೊಗಸೆ ತುಂಬ ಹರಳೆಣ್ಣೆ ಹಚ್ಚಿದ. ಎಲ್ಲಾದರೂ ಸೀಳು ಬಿಟ್ಟಿದೆಯೇನೋ ಎಂಬಂತೆ ಕಿವಿಯ ಹಿಂದೆಲ್ಲ ಹೆಬ್ಬೆರಳಿನಿಂದ ಒತ್ತಿ ನೋಡಿದ.

ಮಾರನೇ ದಿನ ಎಣ್ಣೆ ಕತ್ತಿಗಿಳಿದು ಸ್ಕೂಲಿನಲ್ಲಿ ಎಲ್ಲರೂ ನಕ್ಕರು. ನಾನು ಅಪ್ಪನಿಗೆ ಹೇಳಲಿಲ್ಲ.

ಮುಂದಿನ ವಾರ ಅಪ್ಪ ತೊಳೆದ ತಲೆಗೆ ಮತ್ತೆ ಎಣ್ಣೆ ಹಚ್ಚುತ್ತಿದ್ದುದನ್ನು ಪಕ್ಕದ ಮನೆಯ ಪುಟ್ಟತಾಯಿ ನೋಡಿಬಿಟ್ಟಳು. "ಅಯ್ಯೋ, ಎಣ್ಣೆ ಮೊದ್ಲು ಅಚ್ಬೇಕು ಕಣಣ್ಣ. ಬುಡಿ, ಇನ್ಮ್ಯಾಕೆ ನಾನೇ ನೀರು ಉಯ್ತೀನಿ."

ಅಪ್ಪ ಪಂಚೆಗೆ ಕೈ ಒರೆಸಿಕೊಂಡು ಎದ್ದ. ಮತ್ತೆಂದೂ ನನ್ನ ತಲೆ ಮುಟ್ಟಲಿಲ್ಲ.

ಇವತ್ತು ನನ್ನ ಒದ್ದೆಗೂದಲಿಗೆ ಎಣ್ಣೆ ಬೀಳುವುದನ್ನು ಕಂಡ ಸೊಸೆ, "ಅತ್ತೆ, ಉಲ್ಟಾ ಮಾಡ್ತಿದ್ದೀರಲ್ಲ!" ಎಂದಳು.

"ಗೊತ್ತು ಕಣಮ್ಮ" ಎಂದೆ.