ಹೊಟ್ಟೆ ಬಿಟ್ಟ ಗೋಡೆ

ಬೆಳಕು ಹರಿಯುವ ಮೊದಲೇ ಅವಳು ನೀರು ತುಂಬಿದ್ದಳು, ಒಲೆ ಒರೆಸಿದ್ದಳು, ಮೂರು ಡಬ್ಬಿಗೆ ಊಟ ಕಟ್ಟಿದ್ದಳು, ಮಗಳ ಶಾಲೆಯ ಅಂಗಿಗೆ ಗುಂಡಿ ಹೊಲಿದಿದ್ದಳು, ಅತ್ತೆಯ ಮಾತ್ರೆಗಳನ್ನು ಬೆಳಗಿನದು ಬೇರೆ, ಮಧ್ಯಾಹ್ನದ್ದು ಬೇರೆ ಎಂದು ಎರಡು ಬಟ್ಟಲಲ್ಲಿ ಇಟ್ಟಿದ್ದಳು. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಗರಗಸದ ಯಂತ್ರಕ್ಕೆ ಹೊಸ ಅಲಗು ಹಾಕಿದಳು. ಅರದ ಹಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಮರದ ಪುಡಿಯನ್ನು ಹಳೆಯ ಹಲ್ಲಿನ ಬ್ರಷ್ಷಿನಿಂದ ಉಜ್ಜತೊಡಗಿದಳು. ಆಗ ಎದ್ದು ಬಂದ ಗಂಡ, "ಇಷ್ಟು ಬೇಗ ಕೆಲಸ ಶುರುನಾ?" ಎಂದ. ಅವನ ಕಣ್ಣಿಗೆ ಕೆಲಸವಾಗಿ ಕಂಡದ್ದು ಆ ಅರವೊಂದೇ.

ಅವಳು ಬಡಗಿ. ಅಪ್ಪ ಮಗನಿಗೂ ಮಗಳಿಗೂ ಒಟ್ಟಿಗೇ ಕಸುಬು ಕಲಿಸಿದ್ದ. ಅಪ್ಪ ಹೋದ ಮೇಲೆ ಅಣ್ಣ ಮೇಸ್ತ್ರಿಯಾದ, ಅವಳು 'ಮೇಸ್ತ್ರಿ ತಂಗಿ'ಯಾದಳು. ಹನ್ನೆರಡು ವರ್ಷದಿಂದ ಅಳತೆ ಅವನದು, ಕೊಯ್ಯುವುದು ಅವಳದು. ಇವತ್ತು ಅಣ್ಣ ಬೇರೊಂದು ಮನೆಯ ಬಾಗಿಲ ಕೆಲಸಕ್ಕೆ ಸಿಕ್ಕಿಬಿದ್ದಿದ್ದ. ಹಾಗಾಗಿ ಒಂದು ಅಡುಗೆಮನೆಯ ಕಟ್ಟೆಗೆ ಹಲಗೆ ಕೂರಿಸಲು ಮೊದಲ ಸಲ ಅವಳನ್ನೊಬ್ಬಳನ್ನೇ ಕಳಿಸಿದ್ದ. ಕಳಿಸುವಾಗ ಹೇಳಿದ್ದ:

"ಹಲಗೆ ಕೂರ್ಸು, ಸ್ಕ್ರೂ ಬಿಗಿ, ಬಂದ್ಬಿಡು. ಆ ಬಣ್ಣದ್ದು ಅಂಗಡೀಲಿ ಇನ್ನೊಂದಿಲ್ಲ, ನೆನಪಿರ್ಲಿ. ಇದು ಸರಿಯಾದ್ರೆ ಮುಂದಿನ ಎರಡು ಅಡುಗೆಮನೆ ನಿಂದೇ. ಎಡವಟ್ಟಾಯ್ತೋ, ಮತ್ತೆ ನನ್ನ ಹಿಂದೆ ಟೇಪ್ ಹಿಡ್ಕೊಂಡು ಓಡಾಡ್ತಿರು."

ಬಾಗಿಲು ತೆಗೆದ ಮನೆಯಾಕೆ ಅವಳ ಹೆಗಲ ಮೇಲಿಂದ ಬೀದಿಯತ್ತ ಇಣುಕಿದಳು. "ಮೇಸ್ತ್ರಿ ಬರ್ಲಿಲ್ವೇನಮ್ಮ?"

"ಬಂದಿದ್ದಾಳಲ್ಲ ಅಕ್ಕ. ಒಳಗೆ ಬಿಟ್ರೆ ಕೆಲ್ಸಾನೂ ಮಾಡ್ತಾಳೆ."

ಮನೆಯಾಕೆ ನಕ್ಕು ದಾರಿ ಬಿಟ್ಟಳು.

ಇಬ್ಬರೂ ಸೇರಿ ಬಣ್ಣದ ಲ್ಯಾಮಿನೇಟ್ ಹಾಳೆ ಅಂಟಿಸಿದ ಹಲಗೆಯನ್ನು ಎತ್ತಿ ಕೆಳಗಿನ ಕಪಾಟುಗಳ ಮೇಲಿಟ್ಟು ಗೋಡೆಗೆ ತಳ್ಳಿದರು. ಹಲಗೆಯ ನಡುಭಾಗ ಗೋಡೆಗೆ ತಾಗಿ ನಿಂತಿತು. ಎರಡು ತುದಿಗಳಲ್ಲಿ ಮಾತ್ರ ಕಿರುಬೆರಳು ತೂರುವಷ್ಟು ಸಂದಿ. ಅಳತೆ ತೆಗೆಯುವಾಗ ಅಣ್ಣ ಎರಡು ಮೂಲೆಯಲ್ಲಷ್ಟೇ ಟೇಪ್ ಹಿಡಿದು, ನಡುವೆಯೂ ಗೋಡೆ ನೇರವಿದೆಯೆಂದು ನಂಬಿಬಿಟ್ಟಿದ್ದ. ಗೋಡೆ ನಡುವೆ ಹೊಟ್ಟೆ ಬಿಟ್ಟಿತ್ತು.

ಅವಳು ಫೋನ್ ಮಾಡಿದಳು.

"ಅದಕ್ಕೇನೀಗ? ಸಿಲಿಕಾನ್ ಅಂಟು ತುಂಬು," ಎಂದ ಅಣ್ಣ.

"ಸಂದಿ ದೊಡ್ಡದಿದೆ ಅಣ್ಣ. ಹಲಗೆಗೇ ಗೋಡೆ ಗೆರೆ ಎಳ್ದು ಕೊಯ್ತೀನಿ."

"ಕೊಯ್ದು ಚಕ್ಕೆ ಎದ್ರೆ? ನನ್ನ ಮಾತು ಕೇಳು, ತುಂಬು. ಅಡುಗೆಮನೆ ಗೋಡೆ ಸಂದೀನ ಯಾರು ನೋಡ್ತಾರೆ?"

ಯಾರು ನೋಡುತ್ತಾರೆ ಎಂಬುದನ್ನು ಮನೆಯಾಕೆ ತೋರಿಸಿದಳು. ಹಳೆಯ ಕಟ್ಟೆಗೂ ಹೀಗೇ ಸಂದಿಯಿತ್ತಂತೆ. ಅದಕ್ಕೆ ತುಂಬಿದ್ದು ಎರಡೇ ತಿಂಗಳಲ್ಲಿ ಕಪ್ಪಾಗಿ ಸುಲಿದು ಬಂತಂತೆ. ಕಿಟಕಿಯ ಮೇಲಿದ್ದ ಹೆಣಿಗೆಯ ಕಡ್ಡಿಯನ್ನು ತೆಗೆದು ಅವಳ ಕೈಗಿತ್ತಳು. ಅದರ ತುದಿ ಬಾಗಿತ್ತು. "ಸ್ವೆಟರ್ ಹೆಣೆಯೋಕೆ ತಂದಿದ್ದು. ಎಂಟು ವರ್ಷದಿಂದ ದಿನಾ ರಾತ್ರಿ ಪಾತ್ರೆ ಆದ್ಮೇಲೆ ಇದ್ರಲ್ಲಿ ಸಂದಿ ಕೆದಕೋದೇ ಆಯ್ತು. ಕೆದಕದಿದ್ರೆ ಜಿರಳೆ. ನಮ್ಮೆಜಮಾನ್ರು ಕೇಳ್ತಾರೆ, ಅಡುಗೆಮನೇಲಿ ಇಷ್ಟೊತ್ತು ಏನ್ ಮಾಡ್ತೀಯ ಅಂತ."

ಮಗುವನ್ನು ಶಾಲೆಯಿಂದ ಕರೆತರಲು ಆಕೆ ಹೊರಟುಹೋದಳು. ಮನೆಯಲ್ಲಿ ಅವಳೊಬ್ಬಳೇ ಉಳಿದಳು.

ಸಲಕರಣೆಯ ಡಬ್ಬದಿಂದ ಅಪ್ಪನ ದೊಡ್ಡ ವಾಷರ್ ಬಿಲ್ಲೆ ತೆಗೆದಳು. ಅದನ್ನು ಹಲಗೆಯ ಮೇಲೆ ಮಲಗಿಸಿ, ನಡುವಿನ ತೂತಿಗೆ ಪೆನ್ಸಿಲಿನ ಮೊನೆ ಇಟ್ಟು, ಬಿಲ್ಲೆಯ ಅಂಚನ್ನು ಗೋಡೆಗೆ ಒತ್ತಿ, ಈ ತುದಿಯಿಂದ ಆ ತುದಿಗೆ ಉರುಳಿಸಿದಳು. ಚಿಕ್ಕವಳಿದ್ದಾಗ ಅಪ್ಪ ಇದನ್ನು 'ಗೋಡೆ ಮೇಲೆ ಬಂಡಿ' ಎನ್ನುತ್ತಿದ್ದ. ಬಂಡಿ ಗೋಡೆಯ ಉಬ್ಬು ತಗ್ಗುಗಳನ್ನೆಲ್ಲ ಹಲಗೆಯ ಮೇಲೆ ಬರೆಯುತ್ತಾ ಸಾಗಿತು. ತುದಿಗಳಲ್ಲಿ ಗೆರೆ ಅಂಚಿಗೆ ಅಂಟಿಕೊಂಡಂತಿತ್ತು, ನಡುವೆ ಅರ್ಧ ಇಂಚು ಒಳಗಿತ್ತು. ಆ ಗೆರೆಯಂತೆ ಕೊಯ್ದರೆ ಹಲಗೆ ಅರ್ಧ ಇಂಚು ಹಿಂದೆ ಸರಿದು ಗೋಡೆಗೆ ಪೂರ್ತಿ ಕೂರುತ್ತದೆ. ಕಪಾಟಿನ ಮುಂದೆ ಒಂದೂವರೆ ಇಂಚು ಚಾಚಿದ್ದದ್ದು ಒಂದು ಇಂಚಾಗುತ್ತದೆ, ಅಷ್ಟೆ. ಆದರೆ ಅಲಗು ಒಮ್ಮೆ ಗೆರೆ ದಾಟಿದರೆ ಹಲಗೆಯೂ ಹೋಯಿತು, ಆ ಎರಡು ಅಡುಗೆಮನೆಗಳೂ ಹೋದವು.

ಚೀಲದಲ್ಲಿ ಸಿಲಿಕಾನ್ ಕೊಳವೆ ಇತ್ತು. ತುಂಬಿದರೆ ಹತ್ತು ನಿಮಿಷದ ಕೆಲಸ. ಸಂಜೆ ಅಣ್ಣ ಬಂದು ನೋಡಿ ಭೇಷ್ ಎನ್ನುತ್ತಾನೆ. ಎರಡು ತಿಂಗಳಾದ ಮೇಲೆ ಅದು ಸುಲಿಯುವುದು ಗೊತ್ತಾಗುವುದು ಈ ಮನೆಯಾಕೆಯೊಬ್ಬಳಿಗೇ.

ಹಲಗೆಯನ್ನು ಎಳೆದು ಎರಡು ಸ್ಟೂಲುಗಳ ಮೇಲೆ ಮಲಗಿಸಿದಳು. ಚಕ್ಕೆ ಏಳದಂತೆ ಗೆರೆಯುದ್ದಕ್ಕೂ ಅಂಟುಪಟ್ಟಿ ಹಚ್ಚಿದಳು. ಅದರಡಿಯಲ್ಲಿ ಗೆರೆ ಮಸುಕಾಗಿ ಕಾಣುತ್ತಿತ್ತು. ಪಟ್ಟಿಯ ಮೇಲೆ ಪೆನ್ಸಿಲಿನಿಂದ ಮತ್ತೆ ತಿದ್ದಿದಳು. ಗೆರೆಯಿಂದ ಕೂದಲೆಳೆಯಷ್ಟು ಹೊರಗೆ ಬಿಟ್ಟು ಕೊಯ್ಯಬೇಕು, ಉಳಿದದ್ದನ್ನು ಅರ ನೋಡಿಕೊಳ್ಳುತ್ತದೆ.

ಫೋನ್ ರಿಂಗಾಯಿತು. ಅಣ್ಣ. ಅವಳು ಅದನ್ನು ಮಗುಚಿ ಹೆಣಿಗೆಯ ಕಡ್ಡಿಯ ಪಕ್ಕದಲ್ಲಿಟ್ಟಳು. ಹಲಗೆಯನ್ನು ಎಡಗೈಯಲ್ಲಿ ಬಿಗಿಯಾಗಿ ಒತ್ತಿ ಹಿಡಿದು ಗರಗಸದ ಗುಂಡಿ ಅದುಮಿದಳು.